ಗೇಟಿನ ಚೀಟಿ, ಆಸ್ಪತ್ರೆಯ ದಫ್ತರ

ನಮ್ಮ ಊರಿನ ದೊಡ್ಡಾಸ್ಪತ್ರೆಯ ಗೇಟಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಮೇಲೆ ಕೂತ ಹುಡುಗನ ಕೈಯಲ್ಲಿ ಚೀಟಿ ಪುಸ್ತಕ. ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ರಾತ್ರಿ, ಉಬ್ಬಸದಿಂದ ಒದ್ದಾಡುತ್ತಿದ್ದ ಖಾಲಾರನ್ನು ಪಕ್ಕದ ಮನೆಯವರ ವ್ಯಾನಿನಲ್ಲಿ ಕೂರಿಸಿಕೊಂಡು ನಾವು ಆ ಗೇಟಿಗೆ ಬಂದೆವು. ಹುಡುಗ ಅಡ್ಡ ಬಂದ.

"ಮೊದಲು ಚೀಟಿ ತಗೊಳ್ಳಿ ಸಾಬ್ರೇ."

"ಒಳಗೆ ಬಿಟ್ಟು ಬಂದು ಕೊಡ್ತೀವಪ್ಪ, ಉಸಿರು ಕಟ್ತಿದೆ."

"ಹಂಗೇ ಅಂತಾರೆ, ಆಮೇಲೆ ಯಾರೂ ಬರಲ್ಲ. ಟೆಂಡರ್ ಹಿಡಿದೋರಿಗೆ ಬೆಳಿಗ್ಗೆ ನಾನು ಲೆಕ್ಕ ಒಪ್ಪಿಸ್ಬೇಕು."

ನಮ್ಮ ಬಳಿ ಚಿಲ್ಲರೆ ಇರಲಿಲ್ಲ, ಅವನ ಬಳಿಯೂ ಇರಲಿಲ್ಲ. ಎದುರಿನ ಚಹದಂಗಡಿಯವರು ಚಿಲ್ಲರೆ ಕೊಟ್ಟ ಮೇಲೆ ಸರಪಳಿ ಇಳಿಯಿತು. ಒಳಗೆ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ದೀಪ ಉರಿಯುತ್ತಿತ್ತು. ಡಾಕ್ಟರು ಯಾವಾಗ ಬರುತ್ತಾರೆ ಎಂದು ಕೇಳಿದರೆ ಯಾರೂ ನೇರ ಉತ್ತರ ಕೊಡಲಿಲ್ಲ. ನಾವು ಬಂದ ಸಮಯವನ್ನೂ ಯಾರೂ ಬರೆದುಕೊಳ್ಳಲಿಲ್ಲ. ಅಲ್ಲಾಹನ ದಯೆ, ಖಾಲಾ ಉಳಿದರು. ಆದರೆ ಅವರ ಹಾಸಿಗೆಯ ಪಕ್ಕ ಬೆಳಗಿನವರೆಗೆ ಕೂತಿದ್ದ ನಮಗೆ ಒಂದು ವಿಚಾರ ಕಾಡುತ್ತಲೇ ಇತ್ತು. ಆ ರಾತ್ರಿ ಆ ಆವರಣದಲ್ಲಿ ಕ್ರಮಸಂಖ್ಯೆ ಹಾಕಿದ ಚೀಟಿ ಇದ್ದದ್ದು ವಾಹನಕ್ಕೆ ಮಾತ್ರ. ಯಾರಿಗಾದರೂ ಲೆಕ್ಕ ಒಪ್ಪಿಸಲೇಬೇಕಾಗಿದ್ದವನು ಗೇಟಿನ ಹುಡುಗನೊಬ್ಬನೇ.

ಆಸ್ಪತ್ರೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಕಟ್ಟಡದ ಇತಿಹಾಸ ಬರೆಯುತ್ತಾರೆ. ಯಾವ ರಾಜ ಅಡಿಗಲ್ಲು ಇಟ್ಟ, ಯಾವ ಮಂತ್ರಿ ಉದ್ಘಾಟಿಸಿದ, ಎಷ್ಟು ಹಾಸಿಗೆ ಎಂಬುದು ಅದರಲ್ಲಿರುತ್ತದೆ. ಬಾಗಿಲಿಗೆ ಬಂದವನಿಗೆ ಏನಾಯಿತು, ಅದನ್ನು ಯಾರು ಬರೆದಿಟ್ಟರು, ತಪ್ಪಾದಾಗ ಯಾರನ್ನು ಕೇಳಿದರು ಎಂಬ ಇನ್ನೊಂದು ಇತಿಹಾಸವೂ ಇದೆ. ಅದು ದಫ್ತರದ ಇತಿಹಾಸ. ಈ ಲೇಖನದಲ್ಲಿ ನಾವು ಹುಡುಕಲು ಹೊರಟಿರುವುದು ಅದನ್ನು.

ಕ್ರಿ.ಶ. 1184ರಲ್ಲಿ ಆಂದಲೂಸಿನ ಪ್ರವಾಸಿ ಇಬ್ನ್ ಜುಬೈರ್ ದಮಾಸ್ಕಸ್ಸಿಗೆ ಬಂದ. ಸುಲ್ತಾನ್ ನೂರುದ್ದೀನ್ 1154ರ ಹೊತ್ತಿಗೆ ಅಲ್ಲಿ ಒಂದು ಬೀಮಾರಿಸ್ತಾನ್ ಕಟ್ಟಿಸಿದ್ದ. ಕಟ್ಟಡ ಈಗಲೂ ನಿಂತಿದೆ. ಇಬ್ನ್ ಜುಬೈರ್ ಅದರ ಗೋಡೆ ಗುಮ್ಮಟಗಳನ್ನು ಹೊಗಳಿ ಸುಮ್ಮನಾಗಲಿಲ್ಲ. ಅಲ್ಲಿನ ದಿನದ ಖರ್ಚು ಸುಮಾರು ಹದಿನೈದು ದೀನಾರ್ ಎಂದು ಬರೆದ. ರೋಗಿಗಳ ಹೆಸರು, ಅವರಿಗೆ ಬೇಕಾದ ಔಷಧಿ, ಆಹಾರ, ಅದಕ್ಕೆ ತಗಲುವ ವೆಚ್ಚ ಇವೆಲ್ಲವನ್ನೂ ಮೇಲ್ವಿಚಾರಕರು ದಫ್ತರದಲ್ಲಿ ಬರೆದಿಡುತ್ತಿದ್ದರೆಂದೂ, ವೈದ್ಯರು ದಿನವೂ ಬೆಳಿಗ್ಗೆ ಬಂದು ರೋಗಿಗಳನ್ನು ನೋಡುತ್ತಿದ್ದರೆಂದೂ ದಾಖಲಿಸಿದ. ಎಂಟುನೂರು ವರ್ಷಗಳ ಹಿಂದಿನ ಒಬ್ಬ ದಾರಿಹೋಕನಿಗೆ ಆಸ್ಪತ್ರೆಯಲ್ಲಿ ಗಮನಿಸಬೇಕಾದ್ದು ದಫ್ತರ ಎಂದು ಹೊಳೆದಿತ್ತು.

ನೂರು ವರ್ಷಗಳ ನಂತರ, 1284ರಲ್ಲಿ, ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆ ಇನ್ನೂ ದೊಡ್ಡದು. ಅದರ ಖರ್ಚಿಗೆ ಆಸ್ತಿಗಳನ್ನು ವಕ್ಫ್ ಮಾಡಲಾಗಿತ್ತು. ಗಂಡಸು, ಹೆಂಗಸು, ಬಡವ, ಬಲ್ಲಿದ, ಊರವ, ಪರಸ್ಥಳದವ ಎಲ್ಲರಿಗೂ ಬಾಗಿಲು ತೆರೆದಿರಬೇಕೆಂಬುದು ಅದರ ಕರಾರು. ಇದನ್ನು ಹೇಳಿ ಎದೆಯುಬ್ಬಿಸಿಕೊಳ್ಳುವುದು ನಮ್ಮ ಸಭೆಗಳ ರೂಢಿ. ಅದೇ ಆಸ್ಪತ್ರೆಯ ಬಗ್ಗೆ ಇತಿಹಾಸಕಾರ ಮಕ್ರೀಝಿ ಬರೆದ ಇನ್ನೊಂದು ಸಂಗತಿಯನ್ನು ನಾವು ಹೇಳುವುದಿಲ್ಲ. ಕಟ್ಟಡ ಬೇಗ ಮುಗಿಸಬೇಕೆಂದು ದಾರಿಯಲ್ಲಿ ಹೋಗುವವರನ್ನು ಹಿಡಿದು ಬಲವಂತವಾಗಿ ಕೆಲಸ ಮಾಡಿಸಿದರು. ಹೀಗೆ ಕಟ್ಟಿದ ಜಾಗದಲ್ಲಿ ನಮಾಜು ಮಾಡುವುದು ಸರಿಯೇ ಎಂಬ ಪ್ರಶ್ನೆ ಉಲೇಮಾಗಳ ನಡುವೆ ಎದ್ದಿತು. ಪುಣ್ಯದ ಕೆಲಸವಾದರೂ ಸರಿ, ಅದರ ಹಿಸಾಬು ಕೇಳುವವರು ಇದ್ದರು. ಪೇಟೆಯ ತೂಕದಿಂದ ಹಿಡಿದು ವೈದ್ಯರ ಕೆಲಸದವರೆಗೆ ಪರೀಕ್ಷಿಸುತ್ತಿದ್ದ ಅಧಿಕಾರಿಗೆ ಆ ಕಾಲದಲ್ಲಿ ಮುಹ್ತಸಿಬ್ ಎಂದು ಹೆಸರು. ನಮ್ಮ ಮನೆಗಳಲ್ಲಿ ದಿನವೂ ಬಳಸುವ 'ಹಿಸಾಬು' ಎಂಬ ಮಾತು ಹುಟ್ಟಿದ್ದು ಅದೇ ಧಾತುವಿನಿಂದ.

ನಮ್ಮ ನಾಡಿನ ಕಡೆ ಬರೋಣ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಅಡಿಗಲ್ಲು ಇಟ್ಟರು. 1900ರ ಡಿಸೆಂಬರಿನಲ್ಲಿ ವೈಸರಾಯ್ ಕರ್ಜನ್ ಅದನ್ನು ಉದ್ಘಾಟಿಸಿದ. 1930ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆಯಿತು. ದೇಶದಲ್ಲಿ ಬೇರೆ ಯಾವ ಸರಕಾರವೂ ಆ ಧೈರ್ಯ ಮಾಡಿರಲಿಲ್ಲ. 1881ರಲ್ಲೇ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ್ದರು. ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿದ್ದ ಪ್ರತಿನಿಧಿಗಳು ದಿವಾನರ ಮುಂದೆ ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳಬಹುದಿತ್ತು. ಆದರೆ ಮೊದಲ ದಿನಗಳಲ್ಲಿ ಆ ಸಭೆಗೆ ಕೇಳಿಕೊಳ್ಳುವ ಅವಕಾಶವಿತ್ತೇ ಹೊರತು ಕೇಳುವ ಅಧಿಕಾರವಿರಲಿಲ್ಲ. ಈ ಎರಡು ಮಾತುಗಳ ನಡುವಿನ ಅಂತರವೇ ಪ್ರಜೆಗೂ ಪೌರನಿಗೂ ಇರುವ ಅಂತರ.

ಆ ಅಂತರವನ್ನು ದಾಟಿಸುವ ಮೊದಲ ದೊಡ್ಡ ಕಾಗದ ಬಂದದ್ದು 1946ರಲ್ಲಿ. ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕವಾದ ಸಮಿತಿ ಆ ವರ್ಷ ವರದಿ ಕೊಟ್ಟಿತು. ಹಣವಿಲ್ಲ ಎಂಬ ಕಾರಣಕ್ಕೆ ಯಾರೊಬ್ಬರೂ ಚಿಕಿತ್ಸೆಯಿಂದ ವಂಚಿತರಾಗಬಾರದು, ಆರೋಗ್ಯ ಸೇವೆ ಜನರಿಗೆ ಆದಷ್ಟು ಹತ್ತಿರವಿರಬೇಕು ಎಂಬುದು ಅದರ ತಿರುಳು. ತಕ್ಷಣಕ್ಕೆ ನಲವತ್ತು ಸಾವಿರ ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ಅದು ಲೆಕ್ಕ ಹಾಕಿತು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯ ಜೊತೆ ಇಂಥ ಕೇಂದ್ರಗಳು ದೇಶದಲ್ಲಿ ಏಳತೊಡಗಿದವು. ಮುಂದೆ ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು ಕೇಂದ್ರ ಎಂಬ ಮಾನದಂಡ ಬಂತು. ಅಷ್ಟರಲ್ಲಿ ಸಂವಿಧಾನವೂ ಬಂದಿತ್ತು. ಸಾರ್ವಜನಿಕ ಆರೋಗ್ಯ, ಆಸ್ಪತ್ರೆ, ಔಷಧಾಲಯ ಇವು ರಾಜ್ಯಗಳ ಪಟ್ಟಿಗೆ ಸೇರಿದವು. ಅಂದರೆ ಊರಿನ ಆಸ್ಪತ್ರೆಯ ಬಾಗಿಲಿಗೆ ಉತ್ತರ ಹೇಳಬೇಕಾದ್ದು ಮೊದಲು ರಾಜ್ಯ ಸರಕಾರ.

ಆದರೆ ವಿಧಾನಸೌಧ ಊರಿಂದ ದೂರ. ಊರಿನ ಡಾಕ್ಟರು ಬಾರದಿದ್ದರೆ ಊರಲ್ಲೇ ಕೇಳುವಂತಿರಬೇಕು ಎಂದು ಹಟ ಹಿಡಿದವರಲ್ಲಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಮುಖ್ಯರು. ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎನಿಸಿಕೊಂಡದ್ದನ್ನು ಎಲ್ಲರೂ ನೆನೆಯುತ್ತಾರೆ. ಅವರ ಇನ್ನೊಂದು ಕೆಲಸವನ್ನು ನೆನೆಯುವವರು ಕಡಿಮೆ. ಅವರು ರೂಪಿಸಿದ ಕಾನೂನಿನಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು, ಹಳ್ಳಿಯ ಶಾಲೆಗಳೂ ಆರೋಗ್ಯ ಕೇಂದ್ರಗಳೂ ಚುನಾಯಿತರ ಕಣ್ಣಳತೆಗೆ ಬಂದವು. ಮೇಷ್ಟ್ರು, ಡಾಕ್ಟರುಗಳ ಹಾಜರಿ ಆ ವರ್ಷಗಳಲ್ಲಿ ಸುಧಾರಿಸಿತೆಂದು ಆ ಪ್ರಯೋಗವನ್ನು ಅಭ್ಯಾಸ ಮಾಡಿದವರು ಬರೆದಿದ್ದಾರೆ. ಹೊಸ ಔಷಧಿ ಬಂದಿರಲಿಲ್ಲ, ಹೊಸ ಯಂತ್ರ ಬಂದಿರಲಿಲ್ಲ. ಕೇಳುವವರು ಹತ್ತಿರ ಬಂದಿದ್ದರು, ಅಷ್ಟೆ. 1988ರಲ್ಲಿ ನಜೀರ್ ಸಾಬ್ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದ ಪರಿಷತ್ತುಗಳಿಗೆ ಮೂರು ವರ್ಷ ಚುನಾವಣೆಯೇ ಆಗಲಿಲ್ಲ. ಅದೇ ಕಥೆ ಮತ್ತೆ ನಡೆಯಿತು: 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬೀಗ ಬಿದ್ದಿದ್ದರೆ ಹಳ್ಳಿಯವನು ಯಾವ ಸದಸ್ಯನ ಮನೆ ಬಾಗಿಲು ತಟ್ಟಬೇಕು?

ಕೇಳುವವರಿಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಬಂಗಾಳದ ಒಂದು ರಾತ್ರಿ ಸಾಕ್ಷಿ. 1992ರ ಜುಲೈ 8ರ ಸಂಜೆ, ಕೃಷಿಕೂಲಿಗಳ ಸಂಘದ ಸದಸ್ಯರೊಬ್ಬರು ಮಥುರಾಪುರ ಸ್ಟೇಷನ್ನಿನಲ್ಲಿ ರೈಲಿನಿಂದ ಬಿದ್ದರು. ತಲೆಗೆ ಭಾರಿ ಪೆಟ್ಟು, ಮೆದುಳಿನಲ್ಲಿ ರಕ್ತಸ್ರಾವ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಲಭ್ಯವಿರಲಿಲ್ಲ. ಮುಂದಕ್ಕೆ ಕಳಿಸಿದರು. ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಕಲ್ಕತ್ತೆಯ ಒಂದು ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿ ಎಕ್ಸ್‌ರೇ ತೆಗೆದು, ಕೂಡಲೇ ದಾಖಲಿಸಬೇಕೆಂದು ಬರೆದು, ಹಾಸಿಗೆ ಖಾಲಿಯಿಲ್ಲವೆಂದರು. ಹನ್ನೆರಡು ಇಪ್ಪತ್ತಕ್ಕೆ ಎರಡನೆಯದು, ಅಲ್ಲೂ ಹಾಸಿಗೆ ಇಲ್ಲ. ಒಂದು ಗಂಟೆಗೆ ಮೂರನೆಯದು, ಅಲ್ಲಿ ಆ ವಿಭಾಗವೇ ಇಲ್ಲ. ಎರಡು ಗಂಟೆಗೆ ನಾಲ್ಕನೆಯದು. ಬೆಳಿಗ್ಗೆ ಎಂಟಕ್ಕೆ ಐದನೆಯದು. ಹತ್ತು ಗಂಟೆಗೆ ಆರನೆಯದು. ಕೊನೆಗೆ ಒಂದು ಖಾಸಗಿ ಆಸ್ಪತ್ರೆ ಸೇರಿಸಿಕೊಂಡಿತು. ಎರಡು ವಾರದ ಚಿಕಿತ್ಸೆಗೆ ಸುಮಾರು 17,000 ರೂಪಾಯಿ ಖರ್ಚಾಯಿತು. ಅಂದಿನ ದಿನಗಳಲ್ಲಿ ಒಬ್ಬ ಕೂಲಿಯವನಿಗೆ ಅದು ಎಷ್ಟು ದೊಡ್ಡ ಮೊತ್ತವೆಂದು ಹೇಳಬೇಕಿಲ್ಲ.

ಅವರೂ ಅವರ ಸಂಘವೂ ಸುಪ್ರೀಂ ಕೋರ್ಟಿಗೆ ಹೋದರು. ಅದಕ್ಕೆ ಮೂರು ವರ್ಷ ಮೊದಲು, 1989ರಲ್ಲಿ, ಇನ್ನೊಂದು ಪ್ರಕರಣದಲ್ಲಿ ಅದೇ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಕಾರು ಗುದ್ದಿ ಗಾಯಗೊಂಡ ಸ್ಕೂಟರ್ ಸವಾರನೊಬ್ಬನನ್ನು, ಇದು ಪೊಲೀಸ್ ಕೇಸು ಎಂದು ಹತ್ತಿರದ ಆಸ್ಪತ್ರೆಯವರು ಇಪ್ಪತ್ತು ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಗೆ ಕಳಿಸಿ, ದಾರಿಯಲ್ಲೇ ಅವನು ಪ್ರಾಣಬಿಟ್ಟ ಪ್ರಕರಣವದು. ಮೊದಲು ಜೀವ, ಆಮೇಲೆ ಕಾನೂನಿನ ಕಾಗದ ಎಂದು ನ್ಯಾಯಾಲಯ ಹೇಳಿತ್ತು. 1996ರ ಮೇ 6ರಂದು ಬಂಗಾಳದ ಪ್ರಕರಣದಲ್ಲಿ ಅದು ಇನ್ನೂ ಮುಂದೆ ಹೋಯಿತು. ಸಕಾಲದಲ್ಲಿ ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದಿತು. ಈ ಹೊಣೆಯಿಂದ ನುಣುಚಿಕೊಳ್ಳಲು ಸರಕಾರ ಹಣವಿಲ್ಲವೆಂದು ಹೇಳುವಂತಿಲ್ಲ ಎಂದಿತು. 25,000 ರೂಪಾಯಿ ಪರಿಹಾರ ಕೊಡಿಸಿತು. ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಿದೆ ಎಂದು ತಿಳಿಸುವ ಕೇಂದ್ರ ವ್ಯವಸ್ಥೆ ಬೇಕು, ಸಲಕರಣೆಯಿರುವ ಆಂಬುಲೆನ್ಸ್ ಬೇಕು ಎಂದೂ ಸೂಚಿಸಿತು.

ಆ ಪ್ರಕರಣದಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ಇನ್ನೊಂದು. ರಾಜ್ಯ ಸರಕಾರ ನೇಮಿಸಿದ್ದ ವಿಚಾರಣಾ ಸಮಿತಿ ಮಾಡಿದ ಶಿಫಾರಸುಗಳಲ್ಲಿ ದೊಡ್ಡ ಪಾಂಡಿತ್ಯವೇನೂ ಇಲ್ಲ. ರೋಗಿ ಬಂದ ತಾರೀಖು, ಸಮಯ ಸ್ಪಷ್ಟವಾಗಿ ಬರೆಯಿರಿ. ನೋಡಿದ ವೈದ್ಯರು ಯಾರೆಂದು ಗುರುತಿಸುವಂತಿರಲಿ. ಪಾಳಿಯ ಪಟ್ಟಿಯನ್ನು ಕಾಪಾಡಿ ಇಡಿ. ಹಾಸಿಗೆ ಇಲ್ಲದಿದ್ದರೆ ನೆಲದ ಮೇಲಾದರೂ ಮಲಗಿಸಿ ಚಿಕಿತ್ಸೆ ಕೊಡಿ. 1184ರ ದಮಾಸ್ಕಸ್ಸಿನ ದಫ್ತರದಲ್ಲಿ ಇದ್ದುದನ್ನೇ ಇಪ್ಪತ್ತನೆಯ ಶತಮಾನದ ಕಲ್ಕತ್ತೆಗೆ ಮತ್ತೆ ಹೇಳಿಕೊಡಬೇಕಾಯಿತು.

ಇನ್ನು ಗೇಟಿನ ಚೀಟಿಗೆ ಬರೋಣ. ಇಷ್ಟು ದೊಡ್ಡ ಸಂಗತಿಗಳ ನಡುವೆ ಪಾರ್ಕಿಂಗ್ ಚೀಟಿಯದೇನು ಮಹಾ ಎಂದು ಕೇಳಬಹುದು. ಭೋರ್ ಸಮಿತಿ ಕಂಡ ಕನಸನ್ನೇ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಕಂಡು, ನಮಗಿಂತ ಬೇಗ ನನಸು ಮಾಡಿಕೊಂಡ ದೇಶ ಬ್ರಿಟನ್. 1948ರ ಜುಲೈ 5ರಂದು ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಅದನ್ನು ತಂದ ಮಂತ್ರಿ ಅನ್ಯೂರಿನ್ ಬೆವನ್, ವೇಲ್ಸ್ ಸೀಮೆಯ ಟ್ರೆಡೆಗರ್ ಎಂಬ ಊರಿನ ಕಲ್ಲಿದ್ದಲು ಗಣಿಯಲ್ಲಿ ದುಡಿದು ಬಂದವರು. ಊರಿನ ಆಸ್ಪತ್ರೆಯಲ್ಲಿ ಒಂದು ಪಾತ್ರೆ ಕೆಳಗೆ ಬಿದ್ದರೂ ಅದರ ಸದ್ದು ಪಾರ್ಲಿಮೆಂಟಿಗೆ ಕೇಳಬೇಕು ಎಂಬರ್ಥದ ಮಾತೊಂದು ಅವರ ಹೆಸರಿನಲ್ಲಿ ಪ್ರಚಲಿತವಿದೆ. ಅರವತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಚಿಕಿತ್ಸೆ ಉಚಿತ, ಆದರೆ ಅನೇಕ ಆಸ್ಪತ್ರೆಗಳಲ್ಲಿ ವಾಹನ ನಿಲ್ಲಿಸಲು ಶುಲ್ಕ ಎಂಬಂತಾಗಿತ್ತು. ಇದು ರೋಗದ ಮೇಲಿನ ತೆರಿಗೆ ಎಂದು ಜನ ಸಿಟ್ಟಾದರು. ಅದು ಚುನಾಯಿತ ಸಭೆಗಳಲ್ಲಿ ಚರ್ಚೆಯಾಯಿತು. 2008ರಲ್ಲಿ ವೇಲ್ಸ್ ಸರಕಾರ ಶುಲ್ಕ ತೆಗೆಯಿತು. ಅದೇ ವರ್ಷದ ಕೊನೆಗೆ ಸ್ಕಾಟ್ಲೆಂಡೂ ತೆಗೆಯಿತು.

ಆದರೆ ಎಲ್ಲ ಕಡೆ ತೆಗೆಯಲಾಗಲಿಲ್ಲ. ಖಾಸಗಿ ಕಂಪನಿಗಳ ಜೊತೆ ಹಿಂದೆಯೇ ದೀರ್ಘಾವಧಿಯ ಒಪ್ಪಂದಗಳಾಗಿದ್ದವು. ಕಾರ್ಡಿಫಿನ ದೊಡ್ಡ ಆಸ್ಪತ್ರೆಯಲ್ಲಿ ಒಪ್ಪಂದ ಮುಗಿದು ಶುಲ್ಕ ನಿಂತದ್ದು 2018ರಲ್ಲಿ. ಗ್ಲಾಸ್ಗೋ, ಡಂಡೀ, ಎಡಿನ್‌ಬರೋಗಳ ಮೂರು ಆಸ್ಪತ್ರೆಗಳಲ್ಲಿ 2021ರಲ್ಲಿ ಸ್ಕಾಟ್ಲೆಂಡ್ ಸರಕಾರವೇ ಹಣ ಕೊಟ್ಟು ಒಪ್ಪಂದ ಬಿಡಿಸಿಕೊಳ್ಳಬೇಕಾಯಿತು. ಇಂಗ್ಲೆಂಡಿನಲ್ಲಿ ಕೋವಿಡ್ ಕಾಲದಲ್ಲಿ ಸಿಬ್ಬಂದಿಗೆ ಕೊಟ್ಟ ವಿನಾಯಿತಿ 2022ರ ಮಾರ್ಚಿಗೆ ಮುಗಿಯಿತು. ಅಂಗವಿಕಲರು, ಪದೇ ಪದೇ ಬರಬೇಕಾದ ರೋಗಿಗಳು, ರಾತ್ರಿ ಮಗುವಿನ ಜೊತೆ ಉಳಿಯುವ ತಂದೆತಾಯಿ, ರಾತ್ರಿ ಪಾಳಿಯ ನೌಕರರು, ಇವರಿಗೆ ಅಲ್ಲಿ ರಿಯಾಯಿತಿ ಉಳಿಯಿತು. ಶುಲ್ಕ ತೆಗೆಯುವುದನ್ನು ಒಪ್ಪದವರ ವಾದವೂ ಪೊಳ್ಳಲ್ಲ. ಉಚಿತವೆಂದರೆ ಪೇಟೆಗೆ ಬಂದವರೂ ಅಲ್ಲೇ ವಾಹನ ನಿಲ್ಲಿಸುತ್ತಾರೆ, ರೋಗಿಗೆ ಜಾಗ ಸಿಗುವುದಿಲ್ಲ, ಆ ಹಣ ಚಿಕಿತ್ಸೆಯಿಂದ ಹೋಗಬೇಕಾಗುತ್ತದೆ ಎನ್ನುತ್ತಾರೆ. ಯಾರು ಸರಿ ಎಂಬುದಕ್ಕಿಂತ ನಾವು ಗಮನಿಸಬೇಕಾದ್ದು, ಆಸ್ಪತ್ರೆಯ ಗೇಟಿನ ಸಣ್ಣ ಚೀಟಿಗೆ ಅಲ್ಲಿ ಮಂತ್ರಿಗಳು ಉತ್ತರ ಹೇಳಿದರು ಎಂಬುದು. ಒಮ್ಮೆ ಗುತ್ತಿಗೆಗೆ ಕೊಟ್ಟ ಜಾಗವನ್ನು ಮರಳಿ ಪಡೆಯಲು ಹತ್ತಾರು ವರ್ಷ ಬೇಕಾಗುತ್ತದೆ ಎಂಬ ಪಾಠವೂ ಅದರಲ್ಲಿದೆ.

ವೇಲ್ಸ್‌ನವರು ಶುಲ್ಕ ತೆಗೆದ 2008ರಲ್ಲೇ, ನವೆಂಬರ್ 1ರಂದು, ಕರ್ನಾಟಕದಲ್ಲಿ 108 ಆಂಬುಲೆನ್ಸ್ ಸೇವೆ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಶುರುವಾಯಿತು. ಅದರಿಂದ ಎಷ್ಟೋ ಬಡವರ ಜೀವ ಉಳಿದಿದೆ, ಆ ಋಣವನ್ನು ಒಪ್ಪಿಕೊಳ್ಳಬೇಕು. ಅದಕ್ಕೂ ಮೊದಲು 2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಅಡಿಯಲ್ಲಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಾದವು. ಜನಪ್ರತಿನಿಧಿಗಳು, ಅಧಿಕಾರಿಗಳು, ಊರಿನವರು ಸೇರಿ ಆಸ್ಪತ್ರೆಯನ್ನು ನೋಡಿಕೊಳ್ಳಬೇಕು, ಅಲ್ಲಿ ಬಂದ ಆದಾಯ ಅಲ್ಲಿಯ ರೋಗಿಗಳಿಗೇ ಬಳಕೆಯಾಗಬೇಕು ಎಂಬುದು ಆಶಯ. ಒಳ್ಳೆಯ ಆಶಯವೇ. ಆದರೆ ನಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ನಡೆಯಿತು, ಗೇಟಿನ ಹಣ ಎಲ್ಲಿ ಸೇರುತ್ತದೆ ಎಂದು ಓಣಿಯ ಹತ್ತು ಜನರನ್ನು ಕೇಳಿ ನೋಡಿದೆವು. ಅಂಥದೊಂದು ಸಮಿತಿ ಇದೆಯೆಂಬುದೇ ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ತಪ್ಪು ಅವರದಲ್ಲ. ಕೇಳುವ ಮೊದಲು ನಮಗೂ ಗೊತ್ತಿರಲಿಲ್ಲ.

ಇಲ್ಲಿ ನಮ್ಮ ಸಮುದಾಯದ ಮಾತೂ ಬರಬೇಕು. ನಮ್ಮ ಜಮಾಅತುಗಳು ಆಂಬುಲೆನ್ಸ್ ಕೊಂಡಿವೆ. ನಮ್ಮ ಹುಡುಗರು ಅರ್ಧರಾತ್ರಿ ಫೋನು ಬಂದರೆ ರಕ್ತ ಕೊಡಲು ಓಡುತ್ತಾರೆ. ಜುಮಾ ನಮಾಜಿನ ನಂತರ ಯಾರದೋ ಆಪರೇಷನ್ನಿಗೆಂದು ಮಸೀದಿ ಬಾಗಿಲಲ್ಲಿ ಟವೆಲು ಹಾಸುತ್ತಾರೆ. ಕೋವಿಡ್ ಕಾಲದಲ್ಲಿ ಬೆಂಗಳೂರಿನಲ್ಲೂ ಬೇರೆ ಊರುಗಳಲ್ಲೂ ಮುಸ್ಲಿಂ ಯುವಕರು ಜಾತಿಮತ ನೋಡದೆ ಶವಸಂಸ್ಕಾರ ಮಾಡಿದರು. ಆದರೆ ಅದೇ 2021ರ ಮೇ ತಿಂಗಳಲ್ಲಿ ಬೆಂಗಳೂರು ಪಾಲಿಕೆಯ ವಾರ್ ರೂಮಿನಲ್ಲಿ ಏನಾಯಿತು? ಹಾಸಿಗೆ ಹಂಚಿಕೆಯ ಅಕ್ರಮ ಬಯಲಿಗೆಳೆಯುತ್ತೇವೆಂದು ಬಂದ ಜನಪ್ರತಿನಿಧಿಗಳು ಇನ್ನೂರಕ್ಕೂ ಹೆಚ್ಚು ನೌಕರರ ಪೈಕಿ 17 ಮುಸ್ಲಿಂ ಹೆಸರುಗಳನ್ನು ಮಾತ್ರ ಓದಿದರು. ತನಿಖೆ ಮಾಡಿದ ಪೊಲೀಸರಿಗೆ ಅವರ ವಿರುದ್ಧ ಸಾಕ್ಷ್ಯ ಸಿಗಲಿಲ್ಲ. ಯಾವ ಹಾಸಿಗೆ ಯಾವ ಗಂಟೆಗೆ ಯಾರಿಗೆ ಹೋಯಿತು ಎಂಬ ದಫ್ತರವನ್ನು ಓದಬೇಕಾಗಿದ್ದವರು ಹಾಜರಿ ಪಟ್ಟಿ ಓದಿದರು. ಹೊಣೆಗಾರಿಕೆಯ ಜಾಗದಲ್ಲಿ ಹೆಸರು ಹಿಡಿದು ದೂರುವುದು ಬಂದಾಗ, ನಿಜವಾಗಿ ಹಾಸಿಗೆ ಮಾರಿಕೊಂಡವನು ಆರಾಮಾಗಿ ಮನೆಗೆ ಹೋಗುತ್ತಾನೆ. ಹಾಸಿಗೆ ಸಿಗದೆ ಸತ್ತವರಲ್ಲಿ ಎಲ್ಲ ಧರ್ಮದವರೂ ಇದ್ದರು.

ಇಂಥ ಪೆಟ್ಟುಗಳಿಂದಲೋ ಏನೋ, ನಾವು ಕೊಡುವುದನ್ನು ಕಲಿತಿದ್ದೇವೆ, ಕೇಳುವುದಕ್ಕೆ ಹೆದರುತ್ತೇವೆ. ಸದಕಾ ದೊಡ್ಡದು, ಅದನ್ನು ಬಿಡಬೇಕಿಲ್ಲ. ಆದರೆ ಸರಕಾರ ಮಾಡಬೇಕಾದ್ದನ್ನು ನಮ್ಮ ಚಂದಾ ಮಾಡುತ್ತಾ ಹೋದರೆ ಸರಕಾರಕ್ಕೆ ಅದರ ಹೊಣೆಯೇ ಮರೆತುಹೋಗುತ್ತದೆ. ಮಾಹಿತಿ ಹಕ್ಕಿನ ಕಾಯ್ದೆ ಬಂದದ್ದು 2005ರಲ್ಲಿ. ನಮ್ಮ ರಾಜ್ಯದಲ್ಲಿ ಅರ್ಜಿಗೆ ಹತ್ತು ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಒಂದು ವಿಷಯ, ನೂರೈವತ್ತು ಪದಗಳ ಒಳಗೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಜೀವದ ಪ್ರಶ್ನೆಯಾದರೆ ನಲವತ್ತೆಂಟು ಗಂಟೆಯಲ್ಲಿ. ಆಸ್ಪತ್ರೆಯ ಪಾರ್ಕಿಂಗ್ ಟೆಂಡರ್ ಎಷ್ಟಕ್ಕೆ ಹೋಗಿದೆ, ಆ ಹಣ ಯಾವುದಕ್ಕೆ ಖರ್ಚಾಗಿದೆ, ತುರ್ತು ರೋಗಿಯ ವಾಹನವನ್ನು ತಡೆಯಬಾರದೆಂಬ ಷರತ್ತು ಒಪ್ಪಂದದಲ್ಲಿ ಇದೆಯೇ, ಇಷ್ಟು ಕೇಳಲು ನೂರೈವತ್ತು ಪದ ಧಾರಾಳವಾಗಿ ಸಾಕು.

ನಾವು ನಾಲ್ಕು ಜನ ಸೇರಿ ಅಂಥದೊಂದು ಅರ್ಜಿ ಬರೆದೆವು. ನಮ್ಮಲ್ಲಿ ಒಬ್ಬರು ಉರ್ದು ಶಾಲೆಯ ನಿವೃತ್ತ ಮೇಷ್ಟ್ರು, ಒಬ್ಬರು ಔಷಧಿ ಅಂಗಡಿಯ ಶೆಟ್ಟರು. ಸಹಿ ಹಾಕುವ ಮುನ್ನ ಮೇಷ್ಟ್ರು ಸ್ವಲ್ಪ ಅನುಮಾನಿಸಿದರು. "ಹೆಸರು ನೋಡಿ ಏನಾದ್ರೂ ಅಂದ್ಕೋತಾರಾ?" ಎಂದರು. "ನಂದು ಮೊದಲು ಇರ್ಲಿ, ನಿಮ್ದು ಆಮೇಲೆ ಹಾಕಿ ಮೇಷ್ಟ್ರೇ," ಎಂದು ಶೆಟ್ಟರು ಪೆನ್ನು ತೆಗೆದುಕೊಂಡರು. ಉತ್ತರ ಅವಧಿ ಮೀರಿ ಬಂತು, ಅದೂ ಅರ್ಧಂಬರ್ಧ. ಒಪ್ಪಂದದ ನಕಲಿಗಾಗಿ ಮೇಲ್ಮನವಿ ಹಾಕಿದ್ದೇವೆ. ಆದರೆ ಅರ್ಜಿ ಹೋದ ಕೆಲವು ವಾರಗಳಲ್ಲಿ ಗೇಟಿನ ಕಂಬಕ್ಕೆ ಒಂದು ಬೋರ್ಡು ಬಂತು. ಶುಲ್ಕ ಎಷ್ಟೆಂದು ಅದರಲ್ಲಿದೆ. ತುರ್ತು ರೋಗಿಗಳ ವಾಹನಕ್ಕೆ ಶುಲ್ಕವಿಲ್ಲ ಎಂಬ ಸಾಲೂ ಇದೆ. ಆ ಹುಡುಗ ಈಗಲೂ ಅದೇ ಕುರ್ಚಿಯಲ್ಲಿ ಕೂತಿರುತ್ತಾನೆ. ಮೊನ್ನೆ ಒಂದು ಆಟೋ ಬಂದಾಗ ಅವನೇ ಎದ್ದು ಸರಪಳಿ ಇಳಿಸಿದ್ದನ್ನು ನಾವು ನೋಡಿದೆವು.

ಒಳಗೆ ಬಂದವರ ಸಮಯ ಬರೆಯುವ ದಫ್ತರದ ಬಗ್ಗೆ ಕೇಳುವುದು ಇನ್ನೂ ಬಾಕಿ ಇದೆ. ಮುಂದಿನ ಅರ್ಜಿ ಅದಕ್ಕೆ.